ಗೆಜ್ಜೆ ಬಿಚ್ಚಿದ ಗಾಣ

ನಾನು ಕಬ್ಬಿನ ಹಾಲು ಹಿಂಡುವ ಗಾಣ. ಬೆಳಗಾವಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ದು ನನ್ನನ್ನು ಮಾಡಿದರು. ಒಳಗೆ ಮೂರು ಉರುಳೆ, ಪಕ್ಕಕ್ಕೆ ಹಲ್ಲಿನ ಗಾಲಿಗಳು, ಹೊರಗೆ ಕೈಯಿಂದ ತಿರುಗಿಸುವ ದೊಡ್ಡ ಚಕ್ರ. ಕಟ್ಟಕಡೆಗೆ ಮೇಸ್ತ್ರಿ ಆ ಚಕ್ರಕ್ಕೆ ಹಿತ್ತಾಳೆ ಗೆಜ್ಜೆ ಬಿಗಿದ. ಗಿರಾಕಿಗಳನ್ನು ಕರೆಯಲಿಕ್ಕೆ ಅಂತ ಜನ ತಿಳಿದರು. ಜನ ಏನು, ನನ್ನನ್ನು ಕೊಂಡ ಈರಭದ್ರನೂ ಹಾಗೇ ತಿಳಿದ.

ಮುಧೋಳದ ಬಸ್ ಸ್ಟ್ಯಾಂಡಿನ ಎದುರು ನನ್ನನ್ನು ನಿಲ್ಲಿಸಿದರು. ಬೇಸಿಗೆ ಬಂತೆಂದರೆ ಈರಭದ್ರನದು ಚಕ್ರ, ಹೆಂಡತಿ ತಾರವ್ವನದು ಉರುಳೆಗೆ ಕಬ್ಬು ಕೊಡುವ ಕೆಲಸ. ನಡುವೆ ನನ್ನ ಕಬ್ಬಿಣದ ಮೈ. ಅವಳ ಕೈ ಅವನಿಗೆ ಕಾಣದು, ಅವನ ಕೈ ಅವಳಿಗೆ ಕಾಣದು.

ಮೊದಲ ಬೇಸಿಗೆಯಲ್ಲೇ ತಾರವ್ವ ಒಂದು ಸಂಗತಿ ಗಮನಿಸಿದಳು. ಚಕ್ರ ಅಲುಗಿದ ಕೂಡಲೇ ಗೆಜ್ಜೆ ಘಲ್ಲೆನ್ನುತ್ತದೆ. ಉರುಳೆ ಹೊರಳುವುದು ಆಮೇಲೆ, ನಿಧಾನಕ್ಕೆ.

"ಈ ಗೆಜ್ಜಿ ಗಿರಾಕಿಗೆ ಅಲ್ರೀ, ಕೈ ತಗಿ ಅಂತ ನನಗ ಹೇಳ್ತಾವ."

"ಹೇಳ್ಲಿ ಬಿಡು, ನಿನಗ ಹೇಳಾಕ ನನ್ನ ಕೈಲಂತೂ ಆಗೂದಿಲ್ಲ" ಅಂತ ಅವನು ನಕ್ಕ.

ಪಕ್ಕದಲ್ಲೊಂದು ಮೊಬೈಲ್ ಅಂಗಡಿ ಬಂತು. "ಏನ್ ಕಾಕಾ, ದಿನಾ ಗೆಜ್ಜಿ ಕುಣಿಸ್ತೀಯಲ್ಲ! ಗಿರಾಕಿಗೆ ಫೋನಿನ ಸಪ್ಪಳನ ಕೇಳವಲ್ದು" ಅಂದ ಅಂಗಡಿಯವ. ಈರಭದ್ರ ಇಕ್ಕಳ ತಂದು ಗೆಜ್ಜೆ ಕಿತ್ತ. ತಾರವ್ವ ಬೇಡ ಅಂದಳು. "ತಿರುವೂ ಮೊದಲ ನಾನ ಕೂಗ್ತೀನಿ, ಅಂಜಬ್ಯಾಡ" ಅಂದ.

ಕೆಲವು ದಿನ ಕೂಗಿದ. ಒಂದು ಮಧ್ಯಾಹ್ನ ಬಸ್ಸು ಬಂತು, ಗಿರಾಕಿ ಮುತ್ತಿದರು. ಒಳಗೆ ಸಿಕ್ಕಿಕೊಂಡ ಸಿಪ್ಪೆ ಬಿಡಿಸಲು ತಾರವ್ವ ಕೈ ಹಾಕಿದ್ದಳು. ಅವನು ಕೂಗಲು ಮರೆತು ಚಕ್ರ ತಿರುವಿದ. ಅವಳ ಬಲಗೈಯ ಎರಡು ಬೆರಳು ಹೋದವು.

"ಗಾಣ ರಕ್ತ ಬೇಡ್ತು" ಅಂದರು ಜನ. ನಾನು ಬೇಡಿದೆನೇ! ಕಬ್ಬು ಬಿಟ್ಟು ಬೇರೇನನ್ನಾದರೂ ಯಾವತ್ತು ಕೇಳಿದ್ದೆ? ಅಮಾವಾಸ್ಯೆಯಂತೆ, ದೃಷ್ಟಿಯಂತೆ. ನನ್ನ ಕೊರಳಿಗೆ ನಿಂಬೆಹಣ್ಣು ಕಟ್ಟಿದರು, ತೆಂಗಿನಕಾಯಿ ಒಡೆದರು. ಇಕ್ಕಳದ ಮಾತು ಒಬ್ಬರೂ ಎತ್ತಲಿಲ್ಲ.

ಎತ್ತಿದವಳು ತಾರವ್ವ ಒಬ್ಬಳೇ. ಕೈಗೆ ಪಟ್ಟಿ ಸುತ್ತಿಕೊಂಡು ಬಂದು ಅಂದಳು: "ಅದರ ತಪ್ಪಿಲ್ರೀ. ಅದರ ಬಾಯಿ ನೀವ ಕಟ್ಟಿದ್ರಿ. ಮಾರೂದಾದ್ರ ಮಾರ್ರಿ, ಆದ್ರ ಕೊಳ್ಳೋರಿಗೆ ಖರೇ ಹೇಳ್ರಿ."

"ಹೂಂ" ಅಂದ ಈರಭದ್ರ. ಜಮಖಂಡಿಯ ಗುಜರಿಯವನಿಗೆ ನನ್ನನ್ನು ಮಾರಿದ. ಏನೂ ಹೇಳಲಿಲ್ಲ.

ಈಗ ಇಲ್ಲಿದ್ದೇನೆ. ಮಳೆ ಬಿಸಿಲಿಗೆ ಅಚ್ಚೆಲ್ಲ ತುಕ್ಕು. ಇವತ್ತು ಗಂಡ ಹೆಂಡತಿ ಇಬ್ಬರು ನನ್ನನ್ನು ನೋಡಲು ಬಂದರು.

"ಬಂಗಾರದಂಥ ಗಾಣ ಅಕ್ಕಾ, ಒಂದೀಟೂ ಸದ್ದು ಮಾಡಂಗಿಲ್ಲ" ಅಂದ ಗುಜರಿಯವನು.

ಗಂಡ ಚಕ್ರಕ್ಕೆ ಕೈ ಹಾಕಿದ. ಆ ಹೆಣ್ಣುಮಗಳು ಈಚೆ ಬದಿಯಲ್ಲಿ ಬಾಗಿ ನನ್ನ ಉರುಳೆಗಳ ನಡುವೆ ಬೆರಳಾಡಿಸುತ್ತಿದ್ದಳು. ನನ್ನಲ್ಲಿದ್ದ ತುಕ್ಕನ್ನೆಲ್ಲ ಒಟ್ಟುಗೂಡಿಸಿ ಕಿರ್ರೋ ಎಂದು ಕಿರುಚಿದೆ. ಅವಳು ಬೆಚ್ಚಿ ಕೈ ಹಿಂದೆಳೆದಳು.

"ಅಯ್ಯ, ಅಷ್ಟ ಏನ್? ಎಣ್ಣಿ ಬಿಟ್ರ ಸುಮ್ಮನಾಗ್ತದ" ಅಂತ ಗುಜರಿಯವನು ಎಣ್ಣೆ ಡಬ್ಬಿ ತಂದಿದ್ದಾನೆ.

ಒಂದು ಹನಿಯೂ ಒಳಗಿಳಿಯದಂತೆ ಮೈಯೆಲ್ಲ ಬಿಗಿದುಕೊಂಡು ನಿಂತಿದ್ದೇನೆ.