ರೋಗದ ಸಾಲಿನ ಗಿಡ

‘ಕಿತ್ತುಬಿಡಿ’ ಎಂದಿದ್ದನೋ, ‘ನೋಡಿ ಕೀಳಿ’ ಎಂದಿದ್ದನೋ? ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೊಲದ ಸಹಾಯಕನಿಗೆ, ಎಂಟು ವರ್ಷದ ಹಿಂದೆ ಆಡಿದ ಆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತಿತ್ತು. ಹೇಗೆ ಹೇಳಿದ್ದರೇನು, ಕಣ್ಣಕ್ಕ ಆ ಗೋಧಿ ಗಿಡವನ್ನು ಕಿತ್ತಿರಲಿಲ್ಲ. ಗಿಡ ಉಳಿದದ್ದೇ ಅದಕ್ಕೆ.

ಗೋಧಿ ತಳಿ ಕೇಂದ್ರದಲ್ಲಿ ಎಲೆಯ ತುಕ್ಕು ರೋಗವನ್ನು ಬೇಕೆಂದೇ ಬೆಳೆಸುತ್ತಾರೆ. ಪ್ರತಿ ತಾಕಿನ ಸುತ್ತ ಬಲವಿಲ್ಲದ ಗೋಧಿಯ ಸಾಲೊಂದನ್ನು ಬಿತ್ತಿ ಅದಕ್ಕೆ ರೋಗ ಹತ್ತಿಸುತ್ತಾರೆ. ಅದೇ ರೋಗದ ಸಾಲು. ಅಲ್ಲಿಂದ ಇಟ್ಟಿಗೆ ಬಣ್ಣದ ಪುಡಿ ಗಾಳಿಗೆ ಹಾರಿ ಹೊಸ ತಳಿಗಳ ಮೇಲೆ ಕೂರಬೇಕು. ಯಾವುದು ತಡೆಯುತ್ತದೆಂದು ನೋಡಬೇಕು. ನೋಡುವವರು ಕೂಲಿ ಹೆಂಗಸರು. ಬೆಳಗಿನಿಂದ ಸೊಂಟ ಬಗ್ಗಿಸಿ, ಒಂದೊಂದೇ ಎಲೆ ಮಗುಚಿ, ನೂರರಲ್ಲಿ ಎಷ್ಟು ಪಾಲು ತುಕ್ಕು ಎಂದು ಕೂಗುತ್ತಾರೆ: “ಇಪ್ಪತ್ತು!” “ನಲವತ್ತು!” ಸಹಾಯಕ ಬದುವಿನ ಮೇಲೆ ನಿಂತು ಬರೆದುಕೊಳ್ಳುತ್ತಾನೆ. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ಅವರು ಹಳೆಯ ದಿಂಬಿನ ಚೀಲ ಹರಿದು ಕಟ್ಟಿಕೊಂಡಿದ್ದರು. ಆದರೂ ಸಂಜೆ ಕೆಮ್ಮಿದರೆ ಕಫವೂ ಇಟ್ಟಿಗೆ ಬಣ್ಣ.

ಅವರಲ್ಲಿ ಹಿರಿಯವಳು ಕಣ್ಣಕ್ಕ. ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಕಣ್ಣು ತಪ್ಪುವುದಿಲ್ಲವೆಂದು ಆ ಹೆಸರು.

ಎಂಟು ವರ್ಷದ ಹಿಂದಿನ ಆ ಬೆಳೆಯಲ್ಲಿ ರೋಗದ ಸಾಲಿನಲ್ಲೇ ಒಂದು ಗಿಡ ಬೇರೆಯಾಗಿತ್ತು.

“ಸಾರ್, ಇದಕ್ಕೂ ತುಕ್ಕು ಹತ್ತಿದೆ. ಆದ್ರೆ ಓಡ್ತಿಲ್ಲ, ತೆವಳ್ತಿದೆ. ಅಕ್ಕಪಕ್ಕದವು ಸುಟ್ಟುಹೋದ್ವು. ಇದರ ಮೇಲಿನ ಎಲೆ ನೋಡಿ, ಇನ್ನೂ ಹಸಿರು.”

“ರೋಗದ ಸಾಲಲ್ಲಿ ಎಲ್ಲಕ್ಕೂ ರೋಗ ಬರ್ಬೇಕು ಕಣ್ಣಕ್ಕ. ಪೂರ್ತಿ ಬಾರದ್ದು ಬೆರಕೆ. ಕಿತ್ತುಬಿಡಿ.”

ಹೌದು, ಹಾಗೇ ಹೇಳಿದ್ದ.

ಕೊಯ್ಲಿನ ದಿನ ಅವಳು ಒಂದು ತೆನೆಯನ್ನು ಕಾಗದದಲ್ಲಿ ಸುತ್ತಿ ತಂದಳು. “ಕಿತ್ತೆ ಅಂತ ಸುಳ್ಳು ಹೇಳಿದ್ದೆ. ಬೈಬೇಡಿ.”

ಅವನು ಬಿತ್ತಿದ. ಸಸಿ ಎಳೆಯದಾಗಿದ್ದಾಗ ತುಕ್ಕು ಬರುತ್ತಿತ್ತು. ಬಲಿತ ಮೇಲೆ ಹರಡುತ್ತಿರಲಿಲ್ಲ. ಬೇರೆ ಗೋಧಿಯೊಂದಿಗೆ ಕೂಡಿಸಿದಾಗ ಮುಂದಿನ ಪೀಳಿಗೆಗೂ ಆ ಗುಣ ಇಳಿಯಿತು. ಇದುವರೆಗೆ ಯಾರೂ ಕಾಣದ ಜೀನ್ ಎಂದಿತು ಪ್ರಯೋಗಾಲಯ. ಹೊಲದ ಪುಸ್ತಕದಲ್ಲಿ ‘ಆಯ್ದವರು’ ಎಂಬ ಕಾಲಂ ಇತ್ತು. ಅವನು ಅದನ್ನು ಖಾಲಿ ಬಿಟ್ಟಿದ್ದ. ಕೇಂದ್ರದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡ ಸಾರ್, ಅಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಅವನದನ್ನೂ ಸೇರಿಸಿದರು. ಅವನು ಬೇಡವೆನ್ನಲಿಲ್ಲ. ಅದೇ ವರ್ಷ ಅವನ ಕೆಲಸ ಕಾಯಂ ಆಯಿತು.

ಈಗ ಈ ಬೆಳೆ ಮುಗಿದೊಡನೆ ದಿನಗೂಲಿಯವರನ್ನೆಲ್ಲ ತೆಗೆಯುವಂತೆ ಆದೇಶ ಬಂದಿತ್ತು. ಸಂಶೋಧನೆಗೆ ನೆರವಾದದ್ದಕ್ಕೆ ದಾಖಲೆ ಇದ್ದವರನ್ನು ಮಾತ್ರ ಕಾಯಂ ಮಾಡಬಹುದು. ಕಣ್ಣಕ್ಕ ಅರ್ಜಿ ಹಾಕಿದ್ದಳು.

ಅವನನ್ನು ಒಳಗೆ ಕರೆದರು. ಕಣ್ಣಕ್ಕ, ದೊಡ್ಡ ಸಾರ್ ಆಗಲೇ ಅಲ್ಲಿದ್ದರು. ವಿಚಾರಣೆಗೆ ಬಂದ ಅಧಿಕಾರಿ ಪುಸ್ತಕ ಮಗುಚುತ್ತಿದ್ದ. “ಗಿಡ ಕಂಡಿದ್ದು ನಾನು ಅಂತೀಯಲ್ಲಮ್ಮ, ಇದರಲ್ಲಿ ನಿನ್ನ ಹೆಸರೆಲ್ಲಿ?”

“ಬರೆಯೋದು ನನ್ನ ಕೆಲಸ ಅಲ್ಲ ಸ್ವಾಮಿ. ಕೂಗೋದು ನನ್ನ ಕೆಲಸ. ಬರೆದೋರು ಇಲ್ಲೇ ಇದಾರೆ, ಕೇಳಿ.”

ದೊಡ್ಡ ಸಾರ್ ನಕ್ಕರು. “ಎಲೆ ಎಣಿಸೋಕೆ ಕಳಿಸಿದ್ರೆ ವಿಜ್ಞಾನಿ ಆಗ್ಬಿಟ್ಲು.”

“ಹೇಳಪ್ಪ,” ಅಧಿಕಾರಿ ಸಹಾಯಕನತ್ತ ತಿರುಗಿದ. “ನಿಜವಾ?”

ಕಣ್ಣಕ್ಕ ಅವನನ್ನು ನೋಡಿದಳು. ಬೇಡುವ ನೋಟವಲ್ಲ, ಎಲೆಯೊಂದನ್ನು ಮಗುಚಿ ನೋಡುವಂಥದ್ದು. ದೊಡ್ಡ ಸಾರ್ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಇದ್ದರು.

“ಹೊಲದಲ್ಲಿ ತುಂಬ ಜನ ಇರ್ತಾರೆ ಸಾರ್. ಯಾರು ಏನು ತೋರಿಸಿದ್ರು ಅಂತ... ಸರಿಯಾಗಿ ನೆನಪಿಲ್ಲ.”

ಅರ್ಜಿಯ ಮೇಲೆ ‘ದಾಖಲೆ ಇಲ್ಲ’ ಎಂದು ಬಿತ್ತು. ಹೊರಗೆ ಬಂದಾಗ ಅವಳು ಬೈಯಲಿಲ್ಲ. “ಊಟ ಮಾಡಿದ್ರಾ ಸಾರ್? ಮುಖ ಬಾಡಿದೆ,” ಎಂದು ಕೇಳಿ ಹೊರಟುಹೋದಳು. ಬೈದಿದ್ದರೆ ಅವನು ಆ ರಾತ್ರಿ ನಿದ್ದೆಯಾದರೂ ಮಾಡುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ಬದುವಿನ ಮೇಲೆ ಪುಸ್ತಕ ತೆರೆದ. “ಮೊದಲನೇ ಸಾಲು.”

ಯಾರೂ ಕೂಗಲಿಲ್ಲ. ಹನ್ನೆರಡು ಹೆಂಗಸರು ಕೈ ಕಟ್ಟಿ ನೆಟ್ಟಗೆ ನಿಂತಿದ್ದರು. ಅವರು ಬಗ್ಗದೆ ನಿಂತದ್ದನ್ನು ಅವನು ಕಂಡದ್ದೇ ಅಪರೂಪ.

“ಕೂಗಿ.”

“ಕೂಗಿದ್ದು ಗಾಳಿಗೆ ಹೋಗುತ್ತಂತಲ್ಲ ಸಾರ್,” ಎಂದಳು ಕಣ್ಣಕ್ಕನ ನಾದಿನಿ. “ಇವತ್ತು ನೀವೇ ಬಗ್ಗಿ. ಸೊಂಟಕ್ಕೂ ಒಳ್ಳೇದು.” ಎಲ್ಲರೂ ನಕ್ಕರು.

“ಕೆಲಸದಿಂದ ತೆಗೀತಾರೆ.”

“ಹೇಗೂ ತೆಗೀತಿದಾರಲ್ಲ. ಹೆದರಿಸೋಕೆ ಬೇರೆ ಏನಾದ್ರೂ ಹೊಸದು ಇದ್ರೆ ಹೇಳಿ.”

ಕಣ್ಣಕ್ಕ ಮುಂದೆ ಬಂದಳು. “ಒಂದೊಂದು ಅಂಕಿ ಪಕ್ಕದಲ್ಲೂ ನೋಡಿದೋಳ ಹೆಸರು ಬರೀರಿ. ಆಗ ಕೂಗ್ತೀವಿ.”

ಅವನು ತಾಕಿಗಿಳಿದ. ಎಲೆ ಮಗುಚಿದ. ಇಪ್ಪತ್ತೇ, ನಲವತ್ತೇ? ಇನ್ನೊಂದು ಮಗುಚಿದ. ಬೆರಳು ಕೆಂಪಗಾಯಿತು. ಹತ್ತು ವರ್ಷ ತನ್ನ ಕೈಬರಹದಲ್ಲಿ ತುಂಬಿದ್ದ ಅಂಕಿಗಳಲ್ಲಿ ಒಂದೂ ತಾನು ಕಂಡದ್ದಲ್ಲ ಎಂಬುದು ಅಲ್ಲಿ ಕುಕ್ಕರಗಾಲಲ್ಲಿ ಕೂತಾಗ ತಿಳಿಯಿತು. ಮೇಲೆ ನಿಂತವರಿಗೆಲ್ಲ ಉತ್ತರ ಗೊತ್ತಿತ್ತು. ಯಾರೂ ಹೇಳಿಕೊಡಲಿಲ್ಲ.

ಜೀಪು ಬಂದು ನಿಂತಿತು. ದೊಡ್ಡ ಸಾರ್ ಕಿಟಕಿಯಿಂದಲೇ ಗದರಿದರು. “ಏನಿದು? ಇವರ್ಯಾಕೆ ನಿಂತಿದಾರೆ?”

ಹನ್ನೆರಡು ಜನ ಅವನ ಕಡೆ ನೋಡಿದರು.

“ಗೊತ್ತಿಲ್ಲ ಸಾರ್,” ಎಂದ.

ಆ ಗಿಡವನ್ನು ಕಂಡವಳು ಕಣ್ಣಕ್ಕ, ಕೀಳಲು ಹೇಳಿದವನು ತಾನು ಎಂದು ಅವನು ಆಗಲೂ ಹೇಳಲಿಲ್ಲ, ಆಮೇಲೂ ಯಾರ ಮುಂದೆಯೂ ಹೇಳಲಿಲ್ಲ.