ನಾಯಿ ಬೊಗಳುವುದು ನಿಂತಾಗ

ಡೊಳ್ಳಿನ ಹಗ್ಗ ಬಿಗಿಯುತ್ತಿದ್ದ ಅಂಬಾದಾಸ ತಲೆಯೆತ್ತಿ, "ಅವ್ವ ಉಂಡಾಳೇನು?" ಎಂದು ಕೇಳಿದ.

ಅಂಗಳದ ಭಜನೆ ನಿಂತಿತು. ಅವನ ಅವ್ವ ರುಕ್ಮಿಣಿಬಾಯಿ ಎದುರಿಗೇ, ಹೊಸ ಸೀರೆಯುಟ್ಟು ಹೂವಿನ ಹಾರಗಳೊಳಗೆ ಕುಳಿತಿದ್ದಳು. ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಿದ್ದಳು. ಮರಿಮಕ್ಕಳನ್ನು ಕಂಡ ಜೀವ. ಡೊಳ್ಳು ಬಡಿದು, ಗುಲಾಲು ಹಾರಿಸಿ ಕಳಿಸಬೇಕೆಂದು ಕೊಹಿನೂರು ಊರಿನ ಕುರಿಗಾರರೆಲ್ಲ ನೆರೆದಿದ್ದರು.

"ಪಾಪ, ದುಃಖಕ್ಕ ಮಾತು ತಪ್ಯಾದ," ಎಂದರು ಯಾರೋ.

ಮಗಳು ಸಾಕ್ಷಿ ಅಪ್ಪನ ಕೈ ಹಿಡಿದು ನೋಡಿದಳು. ಮುಳ್ಳು ಚುಚ್ಚಿ ಬಾತಿದ್ದ ಎಡಗೈ ಬೆರಳೊಂದು ಬಿಟ್ಟರೆ ಉಳಿದದ್ದೆಲ್ಲ ತಣ್ಣಗಿತ್ತು. ಕುಳಿತಲ್ಲೇ ಏದುಸಿರು.

"ಅವ್ವಾ, ಅಪ್ಪಗ ನಿನ್ನಿ ಜ್ವರ ಇತ್ತಲ್ಲ?"

"ಇಳದದ. ನಿಮ್ಮ ಆಯಿ ಪುಣ್ಯಾ," ಎಂದಳು ತಾಯಿ ಜಗದೇವಿ.

*

ಕೆಲವು ವರ್ಷಗಳ ಹಿಂದೆ ಆಯಿ ರುಕ್ಮಿಣಿಬಾಯಿಯ ಜ್ವರವೂ ಹೀಗೇ ಇಳಿದಿತ್ತು. ಕಾಲಿನ ಗಾಯ ಕೀವಾಗಿ ಸುಡುತ್ತಿದ್ದ ಮೈ ತಣ್ಣಗಾಯಿತೆಂದು ಜಗದೇವಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಅದೇ ಸಂಜೆ ಆಯಿ, ಎಂದೋ ಮಾರಿದ ಟಗರನ್ನು ಹೆಸರು ಹಿಡಿದು ಕರೆಯತೊಡಗಿದಳು. ನಂಜು ರಕ್ತಕ್ಕೇರಿದೆ ಎಂದರು ಹುಮನಾಬಾದಿನ ಡಾಕ್ಟರು. ಉಳಿದು ಬಂದ ಮೇಲೆ, ಅವರು ಹೇಳಿದ್ದನ್ನು ಆಯಿ ತನ್ನ ಮಾತಿನಲ್ಲಿ ಊರಿಗೆಲ್ಲ ಸಾರಿದಳು.

"ಮೈಯಾಗ ಕಾವಲು ನಾಯಿ ಇರ್ತಾವ. ತೋಳ ಹೊಕ್ಕಿತಂದ್ರ ಬೊಗಳ್ತಾವ, ಅದೇ ಜ್ವರ. ತೋಳ ಭಾಳ ಆದ್ರ ಹುಚ್ಚೆದ್ದು ನಮ್ಮ ಕುರಿನೇ ಕಡೀತಾವ. ಆಮ್ಯಾಲ ದಣದು ಬೀಳ್ತಾವ. ಬೊಗಳೂದು ನಿಂತ್ರ ತೋಳ ಹೋಯ್ತಂತ ಸಕ್ಕರಿ ಹಂಚಬ್ಯಾಡ್ರಿ!"

ಆ ಇಡೀ ವರ್ಷ ಕೆಮ್ಮುತ್ತ ಬಂದವರಿಗೆಲ್ಲ ಕೋಲು ತೋರಿಸಿದಳು. "ನನ್ನ ನಾಯಿ ಇನ್ನಾ ಮಲಗ್ಯಾವ. ಅಲ್ಲೇ ನಿಂದ್ರು!" ಬೀಗರಿಗೂ ರಿಯಾಯಿತಿ ಇರಲಿಲ್ಲ.

*

ಸಾಕ್ಷಿ ಹತ್ತು ಜನರ ಮುಂದೆ ಬಾಯಿ ತೆರೆದವಳಲ್ಲ. ಎದ್ದು ಹೋಗಿ ಮುತ್ಯಾ ಅಮೋಘಸಿದ್ದಪ್ಪನ ಎದುರು ನಿಂತಳು.

"ಮುತ್ಯಾ, ಅಪ್ಪನ ನಾಯಿ ಬೊಗಳೂದು ಬಿಟ್ಟಾವ. ಈಗಿಂದೀಗ ಹುಮನಾಬಾದಕ್ಕ ಒಯ್ಯಬೇಕು."

"ಮೊದಲ ಹಿಡಿ ಮಣ್ಣು ಮಗ ಹಾಕಬೇಕವಾ," ಎಂದ ಪಕ್ಕದ ಮನೆಯ ಕಾಶಿರಾಮ. "ಮಣ್ಣು ಮುಗಿಸಿ ಹೋಗ್ಲಿ."

ಮುತ್ಯಾ ಹಾರಗಳೊಳಗಿದ್ದ ಹೆಂಡತಿಯ ಮುಖ ನೋಡಿದ. "ಅಲ್ಲೀತನಕ ತಡದ್ರ ಇಕಿ ಎದ್ದು ಬಂದು ನಮಗೆಲ್ಲ ಕೋಲು ತಗೋತಾಳ. ನಿನ್ನ ಜೀಪು ತೆಗಿ, ಕಾಶಿರಾಮ."

"ಮತ್ತ ಮಣ್ಣು?"

"ಮೊಮ್ಮಗಳು ಹಾಕ್ತಾಳ. ನಡಿ!"

ಅಂಬಾದಾಸನ ಜೊತೆ ಜಗದೇವಿಯೂ ಜೀಪು ಹತ್ತಿದಳು. ಊರು ಕಾಯುತ್ತ ಕುಳಿತಿತು. ಡೊಳ್ಳು ಮುಟ್ಟುವ ಮನಸ್ಸು ಯಾರಿಗೂ ಇರಲಿಲ್ಲ. ಹೊತ್ತು ಇಳಿಯುವಾಗ ಜಗದೇವಿಯ ಫೋನು ಬಂತು. "ಹೊತ್ತಿಗಿ ಸರಿಯಾಗಿ ತಂದೀರಿ ಅಂದ್ರು ಡಾಕ್ಟರು! ಈಗ ನನ್ನ ಹೆಸರ ಹಿಡದು ಬೈಲತ್ತಾನ!"

ಅಂಗಳವೇ ಕೇಕೆ ಹಾಕಿತು. ಡೊಳ್ಳುಗಳು ಒಮ್ಮೆಲೇ ಎದ್ದವು.

ಗುಂಡಿಯ ಅಂಚಿನಲ್ಲಿ ಸಾಕ್ಷಿಯ ಒಂದು ಕೈಯಲ್ಲಿ ಮಣ್ಣು, ಇನ್ನೊಂದರಲ್ಲಿ ಮೊಬೈಲು. ವಿಡಿಯೋ ಕರೆಯಲ್ಲಿ ಅಂಬಾದಾಸನ ಒಂದು ಕೈಗೆ ಪಟ್ಟಿ, ಇನ್ನೊಂದಕ್ಕೆ ಸಲೈನು; ಅವನು ಹಿಮ್ಮಡಿಯಿಂದ ಮಂಚದ ಕಂಬಿ ಬಡಿಯುತ್ತಿದ್ದ. ನರ್ಸು ಬೈಯುತ್ತಿದ್ದಳು. ಸಾಕ್ಷಿ ಮುಷ್ಟಿ ಬಿಚ್ಚಿದಳು. ಮುತ್ಯಾ ಗುಲಾಲು ತೂರಿದ. ಮೊಬೈಲಿನ ಗಾಜೆಲ್ಲ ಕೆಂಪಾಗಿ ಏನೂ ಕಾಣದಾಯಿತು. ಒಳಗಿನಿಂದ ಕಂಬಿಯ ಸಪ್ಪಳ ಡೊಳ್ಳಿಗೆ ಸರಿಯಾಗಿ ಬರುತ್ತಲೇ ಇತ್ತು.