ಕಾಂಪೌಂಡಿನ ಮನೆಯಲ್ಲಿ ಕಟ್ಟಿದ ಜೋಳಿಗೆ

ನಾನು ಒಂದು ಸೀರೆ. ರೇಷ್ಮೆಯದಲ್ಲ, ಜರಿಯದೂ ಅಲ್ಲ. ಆ ದೊಡ್ಡಸ್ತಿಕೆ ನನಗೆ ಬೇಕಾಗಿಲ್ಲ. ಬೆಟಗೇರಿಯ ಕೈಮಗ್ಗದಲ್ಲಿ ದಪ್ಪ ನೂಲಿನಿಂದ ಹುಟ್ಟಿದೆ. ಹಸಿರು ಒಡಲು, ಕೆಂಪು ದಡಿ. ನನ್ನನ್ನು ಮಡಿಚಿದ ನೇಕಾರ, "ಉಟ್ಟಾಕಿ ಹಣ್ಣಾಗಬೇಕು, ಇದು ಹರಿಯಂಗಿಲ್ಲ" ಅಂದಿದ್ದ.

ಗದಗಿನ ಆಚೆಯ ಹಳ್ಳಿಯೊಂದರ ರೂತವ್ವ ಕ್ರಿಸ್ಮಸ್ಸಿಗೆಂದು ನನ್ನನ್ನು ಉಟ್ಟಳು. ಅವಳ ಅಪ್ಪನ ಕಾಲದಲ್ಲೇ ಕೇರಿಗೆ ಕೇರಿಯೇ ಕ್ರೈಸ್ತವಾಗಿತ್ತು. ಯೇಸು ಬಂದ, ಹೆಸರು ಬದಲಾದವು, ಹೊಲ ಬದಲಾಗಲಿಲ್ಲ. ಭಾನುವಾರ ದೇವಾಲಯ, ಉಳಿದ ದಿನ ಗೌಡರ ಹತ್ತಿ ಹೊಲ; ಎರಡಕ್ಕೂ ಉಡಲು ನಾನೇ.

ಆ ಹೊಲದ ಬದುವಿನ ಜಾಲಿಗಿಡಕ್ಕೆ ಹರಕು ಬಟ್ಟೆಯ ಜೋಳಿಗೆ ಕಟ್ಟಿ, ರೂತವ್ವ ತನ್ನ ಚೊಚ್ಚಲ ಕೂಸು ಸುವಾರ್ತಾಳನ್ನು ಮಲಗಿಸುತ್ತಿದ್ದಳು. ಕೂಸು ಅತ್ತರೆ ಅವಳ ಕಾಲು ಆ ಕಡೆಗೇ ಹೊರಳುತ್ತಿತ್ತು. ಗೌಡರ ಮೇಸ್ತ್ರಿ ಬದುವಿನ ಮೇಲೆ ಕುಂತೇ ಹೇಳುತ್ತಿದ್ದ:

"ಸಾಲು ಮುಗಿಸು, ಆಮ್ಯಾಲ ಕುಡಸು. ಗೌಡರು ಕೂಲಿ ಕೊಡೂದು ಹತ್ತಿ ಬಿಡಸಾಕ."

ಅವಳು ಬಗ್ಗಿ ಹತ್ತಿ ಬಿಡಿಸುತ್ತಿದ್ದಳು. ಹಾಲು ಕೂಸಿನ ಬಾಯಿಗೆ ಹೋಗಲಿಲ್ಲ, ನನ್ನ ಸೆರಗಿಗೆ ಇಳಿಯಿತು. ಒಣಗಿದ ಹಾಲು ಬಟ್ಟೆಯನ್ನು ಬಿರುಸು ಮಾಡುತ್ತದೆ. ನಾನು ಆಗಿನಿಂದ ಬಿರುಸಾದವಳು.

ಉಟ್ಟು ಉಟ್ಟು ಸವೆದ ಮೇಲೆ ನಾನೇ ಜೋಳಿಗೆಯಾದೆ. ಸುವಾರ್ತಾಳ ಬೆನ್ನಿಗೆ ಹುಟ್ಟಿದ ಇಬ್ಬರು ನನ್ನ ಹೊಟ್ಟೆಯೊಳಗೇ ತೂಗಿ ಬೆಳೆದರು. ಸುವಾರ್ತಾ ಮಿಷನ್ ಹಾಸ್ಟೆಲಿನಲ್ಲಿ ಓದಿ ಟೀಚರ್ ಆದಳು. ಗದಗಿನ ಮಿಷನ್ ಕಾಂಪೌಂಡಿನ ಜಯಶೀಲನನ್ನು ಮದುವೆಯಾದಳು. ಅವಳು ಹೆತ್ತಾಗ ರೂತವ್ವ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿಯ ಜೊತೆ ನನ್ನನ್ನೂ ತಂದು ಕೊಟ್ಟು, ಹೊಲದ ಕೆಲಸ ಬಿಡುವಂತಿಲ್ಲವೆಂದು ತಿರುಗಿ ಹೋದಳು.

ಜಯಶೀಲನ ತಾಯಿ ಪ್ರಿಸ್ಕಿಲ್ಲಾಬಾಯಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ನಿವೃತ್ತಳಾದವಳು. ಅವಳೂ ಒಂದು ಕೇರಿಯ ಕೂಸೇ. ಹೆತ್ತವರು ಸತ್ತ ಮೇಲೆ ಮಿಷನ್ ಬೋರ್ಡಿಂಗಿನಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವಳು. ತನಗೆ ಬಿಳಿ ಸಮವಸ್ತ್ರ ತೊಡಿಸಿದ್ದು ಆ ಗಂಟೆಯೇ ಎಂದು ನಂಬಿದ್ದಳು. ಆ ನಂಬಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ.

ನನ್ನನ್ನು ಕಂಡೊಡನೆ ಮೂಗು ಮುರಿದಳು. "ಜೋಳಿಗಿ ಕಟ್ಟೂದು ಕೇರಿ ಚಾಳಿ. ನಮ್ಮನ್ಯಾಗ ಬ್ಯಾಡ." ಸುತ್ತ ಸರಳುಗಳ ಕಟಾಂಜನವಿದ್ದ ಬಿಳಿ ತೊಟ್ಟಿಲು ಬಂತು. ನನ್ನನ್ನು ನಾಲ್ಕು ಮಡಿಕೆ ಮಾಡಿ ಅದರ ತಳಕ್ಕೆ ಹಾಸಿದರು. ಪ್ರಾರ್ಥನೆ, ಹಾಲು, ನಿದ್ದೆ: ಮೂರೂ ಗೋಡೆ ಗಡಿಯಾರದ ಪ್ರಕಾರ, ನಾಲ್ಕು ತಾಸಿಗೊಮ್ಮೆ. ನಡುವೆ ಅತ್ತರೆ ಎತ್ತಬಾರದು.

"ನಮ್ಮ ದೇವರು ಶಿಸ್ತಿನ ದೇವರು," ಅನ್ನುತ್ತಿದ್ದಳು ಅತ್ತೆ. "ಕೂಸಿಗೆ ಈಗಿಂದನ ಕಲಿಸಬೇಕು."

ಸುವಾರ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಕುಪ್ಪಸ ಒದ್ದೆಯಾಗಿ. ಜಯಶೀಲ ಒಳ್ಳೆಯವನು; ಆದರೆ ಅವನ ಒಳ್ಳೆಯತನ ಯಾವಾಗಲೂ ಎದ್ದು ಹೋಗಿ ಅಂಗಳದಲ್ಲಿ ನಿಲ್ಲುವಂಥದ್ದು. "ಅವ್ವ ಆಸ್ಪತ್ರ್ಯಾಗ ಎಷ್ಟ್ ಕೂಸು ನೋಡ್ಯಾಳ, ತಾಳು," ಅಂದು ಹೊರಗೆ ಹೋದ.

ನಾನು ಕೂಸಿನ ಕೆಳಗೇ ಇದ್ದೆ. ಬೆನ್ನಿನ ಭಾರ ಕೆಳಗಿದ್ದವರಿಗೆ ತಿಳಿದಷ್ಟು ಮೇಲಿನವರಿಗೆ ತಿಳಿಯುವುದಿಲ್ಲ. ಭಾರ ಏರಲಿಲ್ಲ, ಇಳಿಯಿತು. ಕೆಲವು ದಿನ ಕೂಸು ನನ್ನನ್ನು ಒದ್ದು ಒದ್ದು ಅತ್ತಿತು. ಆಮೇಲೆ ಒದೆಯುವುದನ್ನು ಬಿಟ್ಟಿತು, ಅಳುವುದನ್ನೂ ಬಿಟ್ಟಿತು.

"ನೋಡ್ದಿ? ಪಳಗ್ತು," ಅಂದಳು ಪ್ರಿಸ್ಕಿಲ್ಲಾಬಾಯಿ.

ಸುವಾರ್ತಾ ಕೂಸಿನ ತೊಡೆ ಮುಟ್ಟಿದಳು. ಚರ್ಮ ಸಡಿಲವಾಗಿತ್ತು. ತನ್ನ ಎದೆ ಮುಟ್ಟಿಕೊಂಡಳು. ಅಲ್ಲಿಯೂ ಹಾಲು ಬತ್ತತೊಡಗಿತ್ತು. "ಪಳಗಿಲ್ರಿ ಅತ್ತಿ," ಅಂದಳು. "ಕರದ್ರ ಯಾರೂ ಬರೂದಿಲ್ಲಂತ ತಿಳಕೊಂಡೈತಿ." ಅತ್ತೆ ಗಡಿಯಾರ ನೋಡಿದಳು.

ಆ ವಾರ ದೇವಾಲಯದ ಸ್ತ್ರೀ ಸಮಾಜದ ಕೂಟ ನಮ್ಮ ಮನೆಯ ಪಡಸಾಲೆಯಲ್ಲೇ ನಡೆಯಿತು. ಮಧ್ಯಾಹ್ನ, ಕೀರ್ತನೆ ಶುರುವಾಗಿತ್ತು. ಎಷ್ಟೋ ದಿನದ ಮೇಲೆ ಒಳಗೆ ಕೂಸು ಅತ್ತಿತು. ಬೆಕ್ಕಿನ ಮರಿಯಂಥ ಸಣ್ಣ ದನಿ. ಸುವಾರ್ತಾ ಏಳಹೋದಳು.

"ಇನ್ನೂ ಹೊತ್ತಾಗಿಲ್ಲ. ಕೂಡು," ಅಂದ ಪ್ರಿಸ್ಕಿಲ್ಲಾಬಾಯಿ ಕೀರ್ತನೆಯನ್ನು ಗಟ್ಟಿಯಾಗಿ ಎತ್ತಿದಳು. ಹೆಂಗಸರೂ ದನಿ ಏರಿಸಿದರು. ಅಳು ಆ ಹಾಡಿನ ಅಡಿಯಲ್ಲಿ ಹೂತುಹೋಯಿತು.

ಸುವಾರ್ತಾ ಎದ್ದಳು. ತೊಟ್ಟಿಲಿನಿಂದ ಕೂಸನ್ನೂ ನನ್ನನ್ನೂ ಒಟ್ಟಿಗೆ ಎಳೆದು ತಂದು, ಹೆಂಗಸರ ನಡುವೆ ನೆಲದ ಮೇಲೆ ಕುಳಿತು ಎದೆಗೆ ಹಚ್ಚಿದಳು. ಕೂಸಿಗೆ ಚೀಪುವುದೇ ಮರೆತಂತಿತ್ತು. ಬಾಯಿ ಜಾರಿತು, ಮತ್ತೆ ಜಾರಿತು. ಹಾಡು ಒಬ್ಬೊಬ್ಬರಲ್ಲಿ ನಿಂತಿತು. ಕೊನೆಗೆ ಗುಟುಕರಿಸುವ ಸಪ್ಪಳ ಎಲ್ಲರಿಗೂ ಕೇಳಿತು.

"ಸ್ತ್ರೀ ಸಮಾಜದ ಮುಂದ ನನ್ನ ಮರ್ಯಾದಿ ತಗದಿ," ಅಂದಳು ಪ್ರಿಸ್ಕಿಲ್ಲಾಬಾಯಿ.

"ಅತ್ತಿ, ಗೌಡರ ಹೊಲದಾಗ ಮೇಸ್ತ್ರಿ ನಮ್ಮವ್ವಗ ಸಾಲು ಮುಗಿಸಿ ಕುಡಸು ಅಂತಿದ್ದ. ಆಕಿ ಕೂಲಿಯಾಕಿ, ತಾಳಿದ್ಲು. ನಾ ಯಾರ ಕೂಲಿಗೂ ಇಲ್ಲ. ನನ್ನ ಕೂಸಿಗೆ ನಾನ ಮೇಸ್ತ್ರಿ ಆಗಂಗಿಲ್ಲ."

"ಆ ಗಂಟಿ ಇಲ್ಲದಿದ್ರ ನಾನೂ ಅಂಥಾ ಹೊಲದಾಗನ ಇರ್ತಿದ್ದೆ."

"ಗಂಟಿ ನಿಮ್ಮನ್ನ ಎಬ್ಬಿಸ್ತು, ಖರೆ. ನೀವು ಅತ್ತಾಗ ಯಾರು ಬಂದ್ರು?"

ಪ್ರಿಸ್ಕಿಲ್ಲಾಬಾಯಿ ಕೀರ್ತನೆ ಪುಸ್ತಕ ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು. ಕೂಸು ದೊಡ್ಡದಾಗಿ ತೇಗಿತು.

ಎಲ್ಲರಿಗಿಂತ ಹಿರಿಯಳಾದ ರೆಬೆಕ್ಕವ್ವ ಅಂದಳು: "ಕೂಟ ಮುಗಸ್ರಿ ಬಾಯಾರ. ಕೂಸು ಆಮೆನ್ ಅಂತು."

"ನೀವು ಸ್ವಲ್ಪ ಏಳ್ರಿ ಅತ್ತಿ," ಅಂದಳು ಸುವಾರ್ತಾ. "ಕುರ್ಚಿ ಬೇಕು." ಕೂಸನ್ನು ರೆಬೆಕ್ಕವ್ವನ ಕೈಗೆ ಕೊಟ್ಟು, ಕುರ್ಚಿ ಹತ್ತಿ, ಪಡಸಾಲೆಯ ಅಡ್ಡತೊಲೆಗೆ ನನ್ನನ್ನು ಕಟ್ಟಿದಳು. ಗಡಿಯಾರದ ಎದುರಿಗೇ.

ಅಂದಿನಿಂದ ಕೂಸು ಅತ್ತಾಗ ಹಾಲು, ಕಣ್ಣು ಎಳೆದಾಗ ನಿದ್ದೆ. ನನ್ನ ಗಂಟು ದಿನದಿನಕ್ಕೆ ಬಿಗಿಯಿತು. ಆ ಭಾರ ನನಗೆ ಹಬ್ಬ. ಪ್ರಿಸ್ಕಿಲ್ಲಾಬಾಯಿ ನನ್ನನ್ನು ಎಂದೂ ತೂಗಲಿಲ್ಲ. ಬಿಚ್ಚಲೂ ಇಲ್ಲ. ದೀಕ್ಷಾಸ್ನಾನದ ದಿನ ಕೂಸಿಗೆ ಕೃಪಾ ಎಂದು ಹೆಸರಿಟ್ಟರು. ಪಾದ್ರಿ ಅಯ್ಯನವರ ಪ್ರಾರ್ಥನೆಯ ನಡುವೆಯೇ ಅದು ಅತ್ತಿತು. ತಾಯಿ ಅಲ್ಲೇ ಕುಡಿಸಿದಳು.

ಈಗ ನಾನು ಮುದುಕಿ. ನನ್ನನ್ನು ಕತ್ತರಿಸಿ, ಬೇರೆ ಹರಕುಗಳ ಜೊತೆ ಕೌದಿ ಹೊಲಿದಿದ್ದಾರೆ. ಕಾಂಪೌಂಡಿನಲ್ಲಿ ಯಾರು ಬಾಣಂತಿಯಾದರೂ ನನ್ನನ್ನು ಕೇಳಿ ಒಯ್ಯುತ್ತಾರೆ. ಮೊನ್ನೆ ದೇವಾಲಯದ ವಾರ್ಷಿಕೋತ್ಸವಕ್ಕೆ ಹಳೆಯ ವಸ್ತುಗಳ ಪ್ರದರ್ಶನವಂತೆ. ಹೊಸ ಅಯ್ಯನವರು ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದು ಕೇಳಲು ಬಂದರು. ನಮ್ಮ ಹಿರಿಯರ ಕಷ್ಟಕಾಲದ ನೆನಪು ಅಂದರು.

"ಹಳೇದಲ್ರಿ ಅಯ್ಯನವರ," ಅಂದಳು ಸುವಾರ್ತಾ. "ಕೂಸುಗೋಳು ಅಳೂದು ಇನ್ನೂ ನಿಂತಿಲ್ಲ. ಆಚಿ ಮನಿಯಾಕಿಗೆ ಕೊಟ್ಟೇನಿ."

ಆಚೆ ಮನೆಯಾಕೆ ರಸ್ತೆ ಗುಡಿಸುವವಳು, ಹಸಿ ಬಾಣಂತಿ. ಅವಳ ಕೂಸಿನ ಕೆಳಗೆ ಮಲಗಿ ನಾನು ಇದನ್ನು ಹೇಳುತ್ತಿದ್ದೇನೆ. ಗಾಜಿನೊಳಗೆ ಒಣಗಿ ಮರ್ಯಾದೆ ಪಡೆಯುವುದು ನನಗೆ ಬೇಡ. ಇದೀಗ ಕೂಸು ನನ್ನನ್ನು ಒದ್ದೆ ಮಾಡಿತು. ಮಾಡಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.